ಮೈನಸ್ ಒಂದು ಎಂಬ ಉತ್ತರ

ನಮ್ಮ ಅಡುಗೆಮನೆಯಲ್ಲಿ ಎರಡು ಸಿದ್ದೆಗಳಿದ್ದವು. ಸಿದ್ದೆಯೆಂದರೆ ಅಕ್ಕಿ ಅಳೆಯುವ ಪಾತ್ರೆ. ನಮ್ಮ ಕಡೆಯ ಹಳಬರಿಗೆ ಹೇಳಬೇಕಾಗಿಲ್ಲ, ಕಿಲೋಗಳಲ್ಲಿ ಬೆಳೆದವರಿಗೆ ಹೇಳುತ್ತಿದ್ದೇನೆ. ಒಂದು ಶಿರಸಿಯ ನಮ್ಮ ಮನೆಯದು, ಹಿತ್ತಾಳೆಯದು. ಇನ್ನೊಂದು ಅಮ್ಮ ಮದುವೆಯಾಗಿ ಬರುವಾಗ ಬಿಳಗಿಯಿಂದ ತಂದದ್ದು, ಮರದ್ದು. ಹೆಸರು ಎರಡಕ್ಕೂ ಒಂದೇ, ಎತ್ತರವೂ ಹೆಚ್ಚುಕಡಿಮೆ ಒಂದೇ. ಆದರೆ ಮರದ ಗೋಡೆ ದಪ್ಪವಾದ್ದರಿಂದ ಅಮ್ಮನ ಸಿದ್ದೆ ಒಂದು ಹಿಡಿ ಕಡಿಮೆ ಹಿಡಿಯುತ್ತಿತ್ತು. ಮದುವೆಯಾದ ಹೊಸದರಲ್ಲಿ ಅಜ್ಜಿ ‘ನಾಲ್ಕು ಸಿದ್ದೆ ಹಾಕು’ ಎಂದರೆ ಅಮ್ಮ ತನ್ನದರಲ್ಲಿ ನಾಲ್ಕು ಹಾಕುತ್ತಿದ್ದಳಂತೆ. ಕೊನೆಯ ಪಂಕ್ತಿಗೆ ಅನ್ನ ಸಾಲುತ್ತಿರಲಿಲ್ಲವಂತೆ. ಯಾರು ತಪ್ಪಿದರೆಂದು ಯಾರಿಗೂ ತಿಳಿಯುತ್ತಿರಲಿಲ್ಲವಂತೆ. ಇಬ್ಬರೂ ಒಂದೇ ಮಾತನ್ನು ಆಡಿದ್ದರು, ಇಬ್ಬರೂ ಅದನ್ನು ಪ್ರಾಮಾಣಿಕವಾಗಿ ನಡೆಸಿದ್ದರು, ಆದರೂ ಒಬ್ಬರು ಅರೆಹೊಟ್ಟೆಯಲ್ಲಿ ಏಳುತ್ತಿದ್ದರು.

ಈ ಕಥೆಯನ್ನು ನಾನು ಚಿಕ್ಕಂದಿನಿಂದ ತಮಾಷೆಯೆಂದೇ ಕೇಳಿಕೊಂಡು ಬಂದಿದ್ದೆ. ಅದು ತಮಾಷೆಯಲ್ಲವೆಂದು ನನಗೆ ತಿಳಿದದ್ದು ಸಿದ್ದಾಪುರದ ಒಂದು ಔಷಧಾಲಯದ ಬೆಂಚಿನ ಮೇಲೆ ಕುಳಿತು, ಬೆರಳಷ್ಟಗಲದ ಒಂದು ಚೀಟಿಯನ್ನು ಓದಿದ ದಿನ. ಆ ದಿನದ ಮಾತನ್ನು ನಿಮಗೆ ಹೇಳಬೇಕೆಂದಿದ್ದೇನೆ. ಅವಸರ ಮಾಡದೆ ಹೇಳುತ್ತೇನೆ. ಅವಸರದಲ್ಲಿ ಹೇಳಿದರೆ ಯಾರದೋ ಮೇಲೆ ತಪ್ಪು ಹೊರಿಸಿದಂತಾಗುತ್ತದೆ, ಆ ತಪ್ಪು ನನ್ನದಾಗಿರುವಾಗ.

ನಾನು ಶಿರಸಿಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ಕಾಲೇಜಿಗೆ ಕಂಪ್ಯೂಟರು ಬಂದಾಗ ಸಿ ಭಾಷೆಯನ್ನು ಪುಸ್ತಕ ನೋಡಿ ಕಲಿತೆ. ಕಲಿತದ್ದನ್ನು ಏನಕ್ಕಾದರೂ ಬಳಸಬೇಕೆಂಬ ಹಂಬಲದಲ್ಲಿ, ಕನ್ನಡದ ಸಾಲುಗಳನ್ನು ಕಿರ್ರೆನ್ನುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಅಚ್ಚು ಹಾಕುವ ಸಣ್ಣ ತಂತ್ರಾಂಶವೊಂದನ್ನು ಬರೆದೆ. ಅದನ್ನು ಮುಚ್ಚಿಡಲಿಲ್ಲ, ಬರೆದ ಸಾಲುಗಳನ್ನೆಲ್ಲ ಯಾರು ಬೇಕಾದರೂ ಓದಲಿ, ತಿದ್ದಲಿ, ಹಂಚಲಿ ಎಂದು ಅಂತರ್ಜಾಲದಲ್ಲಿ ಇಟ್ಟೆ. ಅದರ ಹೆಚ್ಚುಗಾರಿಕೆ ಒಂದೇ: ಯಾವ ಯಂತ್ರದಲ್ಲಿಯೂ ಓಡುತ್ತಿತ್ತು. ಹೊಸದು, ಹಳೆಯದು, ಬೇರೆಯವರು ಎಸೆದದ್ದು, ಎಲ್ಲದರಲ್ಲೂ. ಶಾಲೆಯವರು ಪ್ರಶ್ನೆಪತ್ರಿಕೆಗೆ ಬಳಸಿದರು, ಮಂಚಿಕೇರಿಯವರು ನಾಟಕದ ಕರಪತ್ರಕ್ಕೆ ಬಳಸಿದರು, ಸಿದ್ದಾಪುರದ ಒಬ್ಬ ಡಾಕ್ಟರು ಔಷಧದ ಚೀಟಿಗೆ ಬಳಸಿದರು. ಕನ್ನಡದ ಒಂದಕ್ಷರವೂ ಬಾರದ ದೂರದೇಶದ ಪಾವೆಲ್ ಎಂಬಾತ ತನ್ನೂರಿನ ಲಿಪಿಗೆ ಅದನ್ನು ಹೊಂದಿಸಿಕೊಂಡು, ಅಂದಿನಿಂದ ನನ್ನ ಜೊತೆಗಾರನಾದ. ನಾವಿಬ್ಬರೂ ಒಬ್ಬರನ್ನೊಬ್ಬರು ಕಂಡಿಲ್ಲ. ಪತ್ರದಲ್ಲಿ ಜಗಳವಾಡಿದ್ದೇವೆ, ಅಷ್ಟು ಸಾಕು ಸ್ನೇಹಕ್ಕೆ.

ಈ ಊರುಗಳಲ್ಲಿ ಅದನ್ನು ಯಂತ್ರಗಳಿಗೆ ಕೂರಿಸುತ್ತಿದ್ದವನು ಯಲ್ಲಾಪುರದ ಇಸ್ಮಾಯಿಲ್. ತಂದೆಯದು ಲಾರಿ, ಅಣ್ಣಂದಿರದು ಲಾರಿ. ಇವನೊಬ್ಬ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿಯ ಅಂಗಡಿ ತೆರೆದಿದ್ದ. ಮೂರು ಸತ್ತ ಯಂತ್ರಗಳಿಂದ ಒಂದು ಬದುಕಿದ ಯಂತ್ರ ಮಾಡುವುದು ಅವನ ಕಲೆ. ಅಂಥ ಯಂತ್ರಗಳಲ್ಲಿ ಇರುತ್ತಿದ್ದುದೂ ಹಳೆಯ ತಂತ್ರಾಂಶಗಳೇ. ನಾನು ಶಿರಸಿಯಿಂದ ಬೆಳಗಿನ ಬಸ್ಸಿಗೆ ಫ್ಲಾಪಿ ಕೊಟ್ಟರೆ ಊಟದ ಹೊತ್ತಿಗೆ ಅವನ ಕೈಗೆ ಸಿಗುತ್ತಿತ್ತು.

ಇಷ್ಟು ಜನ. ಇನ್ನು ವಿಷಯ.

ಸಿ ಭಾಷೆ ಯಾರೊಬ್ಬರ ಸ್ವತ್ತೂ ಅಲ್ಲ. ನಾವು ಬರೆದ ಸಾಲುಗಳನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಕಂಪೈಲರುಗಳನ್ನು ಹಲವರು ಹಲವು ಕಡೆ ಬರೆಯುತ್ತಾರೆ. ಎಲ್ಲರೂ ಒಂದೇ ಮಾತಿಗೆ ಒಂದೇ ಅರ್ಥ ಹಿಡಿಯಲಿ ಎಂದು ಒಂದು ಒಡಂಬಡಿಕೆ ಮಾಡಿಕೊಂಡಿದ್ದಾರೆ. ಅದನ್ನು ಮಾನಕ ಎನ್ನೋಣ. ಎಂಬತ್ತೊಂಬತ್ತರದು ಒಂದು, ತೊಂಬತ್ತೊಂಬತ್ತರದು ಇನ್ನೊಂದು. ಹೊಸ ಮಾನಕ ಬಂದು ಕೆಲವು ವರ್ಷಗಳಾದ ಮೇಲೆ ಪಾವೆಲ್ ಬರೆದ: ನಾವೂ ಅದಕ್ಕೆ ಹೋಗೋಣ.

ಹೋಗುವುದರಲ್ಲಿ ಸುಖವಿತ್ತು. ಹಳೆಯ ಮಾನಕದಲ್ಲಿ ಒಂದು ಕೆಲಸಕ್ಕೆ ಬೇಕಾಗುವ ಚರಾಂಶಗಳ, ಎಂದರೆ ಸಂಖ್ಯೆ-ಅಕ್ಷರಗಳನ್ನು ತುಂಬಿಡುವ ಜಾಗಗಳ, ಹೆಸರನ್ನೆಲ್ಲ ಮೊದಲೇ ಹೇಳಿಬಿಡಬೇಕು, ಒಲೆ ಹಚ್ಚುವ ಮೊದಲೇ ಎಲ್ಲ ಪಾತ್ರೆಗಳನ್ನೂ ಕಟ್ಟೆಯ ಮೇಲೆ ಜೋಡಿಸಿಟ್ಟಂತೆ. ಹೊಸದರಲ್ಲಿ ಬೇಕಾದಾಗ ಬೇಕಾದ ಪಾತ್ರೆ ತೆಗೆದುಕೊಳ್ಳಬಹುದು. ಟಿಪ್ಪಣಿ ಬರೆಯುವುದಕ್ಕೆ ಎರಡು ಓರೆಗೆರೆ ಎಳೆದರೆ ಸಾಕು. ಆದರೆ ಇಸ್ಮಾಯಿಲನ ಯಂತ್ರಗಳ ಕಂಪೈಲರುಗಳು ಈ ಸೊಬಗಿಗೆಲ್ಲ ಒಗ್ಗುವಂಥವಲ್ಲ. ಫೋನಿನಲ್ಲಿ ಕೇಳಿದೆ. ಅವನು ನಕ್ಕ.

“ಮೇಡಂ, ನೀವು ಹೊಸಾ ಹೊಸಾದು ಮಾಡ್ತಾ ಹೋಗಿ, ಬೇಡ ಹೇಳೂದಿಲ್ಲ. ನಮ್ ಗಾಡಿ ಮಾತ್ರ ಹಳೇದೇ. ಹತ್ತಿಸ್ಕೊಂಡು ಹೋಗ್ತೀರಾ, ರಸ್ತೆ ಮೇಲೆ ಇಳಿಸಿ ಹೋಗ್ತೀರಾ, ಅಷ್ಟು ಹೇಳಿ.”

ಇಳಿಸಿ ಹೋಗುವ ಮನಸ್ಸು ನನಗಿರಲಿಲ್ಲ. ಯಾರನ್ನೂ ಬಿಡದ ತಂತ್ರಾಂಶವೆಂಬುದು ನನ್ನ ಹೆಮ್ಮೆಯಾಗಿತ್ತು. ಹಾಗಾಗಿ ಒಂದು ನಡುದಾರಿ ಕಂಡುಕೊಂಡೆ. ಬರವಣಿಗೆಯ ರೀತಿ ಹಳೆಯದೇ ಇರಲಿ, ಹಳೆಯ ಕಂಪೈಲರಿಗೆ ತೊಡಕಾಗುವ ಯಾವುದೂ ಬೇಡ. ಹೊಸ ಮಾನಕದ ಉಗ್ರಾಣದಿಂದ ಉಪಯೋಗಕ್ಕೆ ಬರುವ ಒಂದೆರಡು ಉಪಕರಣಗಳನ್ನು ಮಾತ್ರ ಎತ್ತಿಕೊಳ್ಳೋಣ. ಪಾವೆಲ್ ಒಪ್ಪಲಿಲ್ಲ. ಹೋದರೆ ಪೂರ್ತಿ ಹೋಗಬೇಕು, ಇಲ್ಲವಾದರೆ ಇದ್ದಲ್ಲೇ ಇರಬೇಕು ಎಂದ. ತಿಂಗಳುಗಟ್ಟಲೆ ಓರೆಗೆರೆಗಳ ಬಗ್ಗೆ, ಪಾತ್ರೆಗಳ ಬಗ್ಗೆ ಪತ್ರ ಬರೆದುಕೊಂಡೆವು. ಕೊನೆಗೆ ಅವನು ನನ್ನ ದಾಕ್ಷಿಣ್ಯಕ್ಕೆ ಸುಮ್ಮನಾದ.

ನಾನು ಎತ್ತಿಕೊಂಡ ಉಪಕರಣಗಳಲ್ಲಿ ಒಂದರ ಕೆಲಸ ಇಷ್ಟು: ಇಂತಿಷ್ಟೇ ಜಾಗವಿದೆಯೆಂದು ಹೇಳಿ ಒಂದು ಬರಹ ಕೊಟ್ಟರೆ, ಜಾಗ ಮೀರದಂತೆ ತುಂಬಿಸಿ, ಬಳಿಕ ಒಂದು ಸಂಖ್ಯೆಯಲ್ಲಿ ಉತ್ತರ ಹೇಳುವುದು. ಮೊದಲು ನಾನೇ ಅಕ್ಷರ ಎಣಿಸುವ ನಲವತ್ತು ಸಾಲುಗಳನ್ನು ಬರೆದುಕೊಂಡಿದ್ದೆ. ಕುರೂಪವಾಗಿದ್ದರೂ ಸರಿಯಾಗಿದ್ದವು. ಅವನ್ನು ಅಳಿಸಿ ಆ ಜಾಗದಲ್ಲಿ ಈ ಉಪಕರಣವನ್ನು ಕೂರಿಸಿದಾಗ ನಾಲ್ಕು ಸಾಲು ಸಾಕಾಯಿತು. ಹೊಸ ಮಾನಕದ ಪ್ರಕಾರ, ಜಾಗ ಸಾಲದಿದ್ದರೆ ಅದು ‘ಒಟ್ಟು ಎಷ್ಟು ಬೇಕಿತ್ತು’ ಎಂಬ ಸಂಖ್ಯೆಯನ್ನು ಹೇಳುತ್ತದೆ. ಆ ಸಂಖ್ಯೆ ಚೀಟಿಯ ಜಾಗಕ್ಕಿಂತ ದೊಡ್ಡದಾದರೆ ಮಿಕ್ಕದ್ದನ್ನು ಎರಡನೆಯ ಚೀಟಿಯಲ್ಲಿ ಅಚ್ಚು ಹಾಕು ಎಂದು ಬರೆದೆ. ನನ್ನ ಯಂತ್ರದಲ್ಲಿ ಉದ್ದದ ಬರಹ, ಗಿಡ್ಡದ ಬರಹ ಎರಡನ್ನೂ ಕೊಟ್ಟು ನೋಡಿದೆ. ಸರಿಯಾಗಿತ್ತು. ಇಸ್ಮಾಯಿಲ್ ಅದನ್ನು ಸಿದ್ದಾಪುರದ ಔಷಧಾಲಯದ ಯಂತ್ರದಲ್ಲಿ ಕೂರಿಸಿ, ನಾನು ಫ್ಲಾಪಿಯಲ್ಲಿ ಕಳಿಸಿದ್ದ ಮಾದರಿಯನ್ನು ಅಚ್ಚು ಹಾಕಿ ನೋಡಿದ. ಮಾದರಿಯಲ್ಲಿದ್ದ ಹೆಸರು ‘ರಾಮ’. ಅದೂ ಸರಿಯಾಗಿತ್ತು. ಕಂಪೈಲರು ಒಂದು ಮಾತೂ ಆಡಲಿಲ್ಲ.

ನಮ್ಮ ಕಡೆಯಲ್ಲಿ ಬರೀ ರಾಮ ಯಾರೂ ಇಲ್ಲ, ನೋಡಿ. ಒಂದೂರಿನಲ್ಲಿ ಐದು ಜನ ಗಣಪತಿಗಳು, ನಾಲ್ಕು ಜನ ಮಹಾಬಲೇಶ್ವರರು. ಊರು, ಕೇರಿ, ಮನೆ, ತಂದೆ ಎಲ್ಲವನ್ನೂ ಹೇಳದೆ ಮನುಷ್ಯ ಗುರುತಾಗುವುದಿಲ್ಲ. ಔಷಧಾಲಯದ ಕಂಪೌಂಡರ್ ಶಾಂತಾರಾಮ ಇದನ್ನು ಚೆನ್ನಾಗಿ ಬಲ್ಲವನಾದ್ದರಿಂದ ಚೀಟಿಯಲ್ಲಿ ಪೂರ್ತಿ ಹೆಸರು ಬರೆಯುತ್ತಿದ್ದ. ಅದಕ್ಕೊಂದು ಕಾರಣವೂ ಇತ್ತು. ದೂರದ ಊರಿನವರು ತಿಂಗಳ ಔಷಧಕ್ಕೆಂದು ತಾವೇ ಬರುವುದು ಕಡಿಮೆ. ಪೇಟೆಗೆ ಬಂದ ನೆರೆಮನೆಯವರು ಒಯ್ಯುತ್ತಾರೆ, ಇಲ್ಲವೇ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಾರೆ. ಔಷಧ ಯಾರ ಕೈ ಹಾಯ್ದು ಎಲ್ಲಿಗೆ ಹೋದರೂ ಸರಿಯಾದ ಮನೆ ಸೇರಬೇಕು. ಸೇರಿದ ಮೇಲೆ ಹೇಗೆ ತೆಗೆದುಕೊಳ್ಳಬೇಕೆಂದು ಹೇಳಲು ಅಲ್ಲಿ ಶಾಂತಾರಾಮ ಇರುವುದಿಲ್ಲ. ಚೀಟಿಯೇ ಮಾತಾಡಬೇಕು.

ಒಂದು ಬೆಳಿಗ್ಗೆ ಅವನ ಫೋನು ಬಂತು. “ಅಕ್ಕಾ, ನೀವೊಂದ್ಸಲ ಇಲ್ಲಿಗೆ ಬರ್ಬೇಕು. ಫೋನಲ್ಲಿ ಹೇಳೂ ವಿಷ್ಯ ಅಲ್ಲ.”

ಹೋದೆ. ಡಾಕ್ಟರು ಬೈಯಲಿಲ್ಲ; ಬೈದಿದ್ದರೆ ಒಳ್ಳೆಯದಿತ್ತು. ಎದುರಿಗೆ ಒಂದು ಖಾಲಿ ಔಷಧದ ಪೊಟ್ಟಣ ಇಟ್ಟರು. ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಹೆಗ್ಗರಣೆಯ ಮೇಲಿನಮನೆ ಮಹಾಬಲೇಶ್ವರ ಹೆಗಡೆಯವರ ಹೆಸರು ಊರುಕೇರಿ ಸಮೇತ ಇತ್ತು, ಮಾತ್ರೆಯ ಹೆಸರಿತ್ತು, ‘ಬೆಳಿಗ್ಗೆ ಒಂದು’ ಎಂದಿತ್ತು. ಅಲ್ಲಿಗೆ ಚೀಟಿ ಮುಗಿದಿತ್ತು. ಶಾಂತಾರಾಮ ಟೈಪು ಮಾಡಿದ್ದು ಯಂತ್ರದಲ್ಲಿ ಹಾಗೇ ಇತ್ತು: ‘ಬೆಳಿಗ್ಗೆ ಒಂದು, ದಿನ ಬಿಟ್ಟು ದಿನ’. ಎರಡನೆಯ ಚೀಟಿ ಅಚ್ಚಾಗಿರಲೇ ಇಲ್ಲ. ಕಡಿದ ಜಾಗದಲ್ಲಿ ಯಾವ ಗುರುತೂ ಇರಲಿಲ್ಲ. ಉಳಿದದ್ದು ಎಷ್ಟು ಸಂಪೂರ್ಣವಾದ ಮಾತಾಗಿತ್ತೆಂದರೆ, ಅದನ್ನು ಓದಿದವರಿಗೆ ಸಂದೇಹ ಬರಲು ಕಾರಣವೇ ಇರಲಿಲ್ಲ.

ಬಸ್ಸಿನಲ್ಲಿ ಹೋದ ಆ ಮಾತ್ರೆಯನ್ನು ಹೆಗಡೆಯವರು ಎರಡು ವಾರ ದಿನವೂ ನುಂಗಿದ್ದರು. ರಕ್ತದೊತ್ತಡ ಇಳಿದು, ತಲೆ ತಿರುಗಿ, ಬಚ್ಚಲಿನ ಬಾಗಿಲಲ್ಲಿ ಬಿದ್ದಿದ್ದರು. ಹಣೆಗೆ ಹೊಲಿಗೆ ಬಿದ್ದಿತ್ತು. ಡಾಕ್ಟರು ಮೆಲ್ಲಗೆ ಹೇಳಿದರು, “ಮೂಳೆ ಮುರಿದಿಲ್ಲ. ಮಾತ್ರೆ ನಿಲ್ಲಿಸಿದ್ದೇವೆ. ಸುಧಾರಿಸುತ್ತಾರೆ.” ಆ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ.

ಎದ್ದು ಹೋಗಿ ಔಷಧಾಲಯದ ಯಂತ್ರದ ಮುಂದೆ ಕುಳಿತೆ. ಉಪಕರಣಕ್ಕೆ ಐದಕ್ಷರದ ಜಾಗ ಕೊಟ್ಟು ಹತ್ತಕ್ಷರದ ಬರಹ ತುಂಬಿಸೆಂದೆ. ಹತ್ತು ಎಂದು ಉತ್ತರ ಬರಬೇಕಿತ್ತು. ಮೈನಸ್ ಒಂದು ಎಂದು ಬಂತು.

ಅರ್ಥವಾಯಿತು. ಈ ಉಪಕರಣ ಹೊಸ ಮಾನಕ ಹುಟ್ಟುವ ಮೊದಲೇ ಕೆಲವು ಉಗ್ರಾಣಗಳಲ್ಲಿ ಅದೇ ಹೆಸರಿನಲ್ಲಿತ್ತು. ಜಾಗ ಸಾಲದಿದ್ದರೆ ಹಳೆಯದು ‘ಆಗಲಿಲ್ಲ’ ಎನ್ನುತ್ತಿತ್ತು. ಅದರ ಭಾಷೆಯಲ್ಲಿ ‘ಆಗಲಿಲ್ಲ’ ಎಂದರೆ ಮೈನಸ್ ಒಂದು. ಹೊಸ ಮಾನಕ ಬಂದು ಹೆಸರನ್ನು ಉಳಿಸಿಕೊಂಡು ಉತ್ತರವನ್ನು ಬದಲಿಸಿತು. ನಾನು ಕೇಳಿದ್ದು ಹೊಸ ಪ್ರಶ್ನೆ: ಉತ್ತರ ಚೀಟಿಯ ಜಾಗಕ್ಕಿಂತ ದೊಡ್ಡದೇ? ಮೈನಸ್ ಒಂದು ಯಾವುದಕ್ಕಿಂತಲೂ ದೊಡ್ಡದಲ್ಲ. ಹಾಗಾಗಿ, ಎಲ್ಲ ಸರಿಯಿದೆ ಎಂದುಕೊಂಡು ಅದು ಕಡಿದದ್ದನ್ನೇ ಅಚ್ಚು ಹಾಕಿತು. ಪಾತ್ರೆಗಳನ್ನೂ ಓರೆಗೆರೆಗಳನ್ನೂ ಹಳೆಯ ಕಂಪೈಲರು ಒಪ್ಪದೆ ಜಗಳಕ್ಕೆ ಬರುತ್ತದೆ, ಕೂಗಾಡಿ ನಿಂತುಬಿಡುತ್ತದೆ. ಆದ್ದರಿಂದ ಅವುಗಳಿಂದ ಯಾರಿಗೂ ಗಾಯವಾಗುವುದಿಲ್ಲ. ನಾವು ತಿಂಗಳುಗಟ್ಟಲೆ ಚರ್ಚಿಸಿದ್ದು ಅವುಗಳನ್ನೇ. ಒಂದೇ ಹೆಸರು ಹೊತ್ತು ಬೇರೆ ಅಳತೆ ಹಿಡಿಯುವ ಪಾತ್ರೆ ನಮ್ಮ ಅಡುಗೆಮನೆಯಲ್ಲಿಯೇ ಇದ್ದಾಗಲೂ, ಅದರ ಬಗ್ಗೆ ನಾನು ಒಂದು ಸಾಲೂ ಬರೆದಿರಲಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು, ಇಲ್ಲವಾದರೆ ಸಾಕ್ಷಿ ಪೂರ್ತಿಯಾಗದು. ಹಳೆಯದರಲ್ಲೇ ಉಳಿದಿದ್ದರೆ ಇದು ಆಗುತ್ತಿರಲಿಲ್ಲ. ಹೊಸದಕ್ಕೆ ಪೂರ್ತಿ ಹೋಗಿದ್ದರೂ ಆಗುತ್ತಿರಲಿಲ್ಲ. ಆ ಯಂತ್ರ ಮೊದಲ ಸಾಲಿಗೇ ಹಠ ಹಿಡಿದು ನಿಲ್ಲುತ್ತಿತ್ತು. ಆದದ್ದು ನಡುದಾರಿಯಲ್ಲಿ. ಯಾರನ್ನೂ ನೋಯಿಸಬಾರದೆಂದು ನಾನು ಹಾಕಿದ ದಾರಿ ಅದು.

ಅಂದು ಮಧ್ಯಾಹ್ನದವರೆಗೆ ಶಾಂತಾರಾಮನೂ ನಾನೂ ಉದ್ದ ಹೆಸರಿನವರನ್ನೆಲ್ಲ ಹುಡುಕಿ ತೆಗೆದೆವು. ಫೋನಿದ್ದವರಿಗೆ ಫೋನು, ಇಲ್ಲದವರಿಗೆ ಬಸ್ಸಿನಲ್ಲಿ ಕೈಬರಹದ ಹೊಸ ಚೀಟಿ. ಉಳಿದವರದು ಹೆಚ್ಚಾಗಿ ಶಕ್ತಿಮದ್ದು, ‘ಊಟದ ನಂತರ’ ಎಂಬುದು ಮಾತ್ರ ಕಡಿದುಹೋಗಿತ್ತು. ಮಧ್ಯಾಹ್ನ ಹೆಗ್ಗರಣೆಯ ಬಸ್ಸು ಹತ್ತಿದೆ.

ಹೆಗಡೆಯವರು ಜಗುಲಿಯಲ್ಲಿ ಒರಗಿ ಕುಳಿತಿದ್ದರು, ಹಣೆಗೆ ಪಟ್ಟಿ. ನನ್ನನ್ನು ಮೊದಲು ಕಂಡವರಲ್ಲ. ಆದರೂ ಕೇಳಿದ್ದು ಬಂದವರೆಲ್ಲರನ್ನೂ ಕೇಳುವ ಮಾತನ್ನೇ, ಕುಡಿಯಲು ಏನು ಬೇಕೆಂದು.

“ಬಾ ತಂಗಿ, ಕುತ್ಗ. ಆಸರಿಗೆ ಎಂತ ಬೇಕು, ಮಜ್ಜಿಗೆ ಅಡ್ಡಿಲ್ಯ?”

ಚೀಟಿ ಅಚ್ಚು ಹಾಕುವ ತಂತ್ರಾಂಶ ಬರೆದವಳೆಂದು ಗುರುತು ಹೇಳಿಕೊಂಡೆ. “ಮಾವ, ಚೀಟಿ ಕಡಿದಿದ್ದು ಯಂತ್ರ ಅಲ್ಲ. ಆನು. ಎನ್ನ ತಪ್ಪು,” ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಉಳಿದ ಮಾತುಗಳೆಲ್ಲ ಎಲ್ಲಿಯೋ ಹೋದವು.

ಅವರು ಹಣೆಯ ಪಟ್ಟಿಯನ್ನು ಮುಟ್ಟಿಕೊಂಡರು. “ಜಾಗ ಸಾಲ್ತಿಲ್ಲೆ ಹೇಳಿ ಅದಕ್ಕೆ ಗೊತ್ತಾಗಿತ್ತಾ?”

“ಗೊತ್ತಾಗಿತ್ತು ಮಾವ. ಹೇಳಿತ್ತು ಕೂಡ. ಆನು ಕೇಳಿದ್ನಿಲ್ಲೆ.”

“ಹಂಗಾರೆ ಅದು ಪಾಪದ್ದು,” ಎಂದರು. “ಹೇಳಿದ್ದು ಕೇಳದ್ದೇ ಇಪ್ಪವು ಈ ಮನೆಲೂ ಇದ್ದ.”

ಒಳಗಿನಿಂದ ಮಜ್ಜಿಗೆ ತಂದ ಅವರ ಹೆಂಡತಿ ಸರಸ್ವತಕ್ಕ ಆ ಮಾತನ್ನು ಅಲ್ಲಿಯೇ ಹಿಡಿದರು. “ಯಾರು ಹೇಳಿ ಹೇಳು ನೋಡನ! ಮಾತ್ರೆ ಜಾಸ್ತಿ ಆತು, ಮಖ ಬಿಳಿಚಿದ್ದು ಹೇಳಿ ಆನು ದಿನಾ ಹೇಳಿದ್ದೆ. ಇವು ಚೀಟಿ ಓದ್ತ, ಹೆಂಡ್ತಿ ಮಾತು ಕೇಳ್ತ್ವಿಲ್ಲೆ.”

ನಾನು ನಕ್ಕೆ, ನಗುತ್ತಿದ್ದಂತೆಯೇ ಕಣ್ಣು ತುಂಬಿತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವರಿಬ್ಬರೂ ಅದನ್ನು ನೋಡದವರಂತೆ ಅಂಗಳದ ಕಡೆ ಮುಖ ತಿರುಗಿಸಿದರು. ನಮ್ಮ ಕಡೆಯವರ ಸೌಜನ್ಯ ಎಷ್ಟೋ ಸಲ ಹೀಗೆ ಅಂಗಳ ನೋಡುವುದರಲ್ಲಿರುತ್ತದೆ.

ಹೊರಡುವಾಗ ಕೇಳಿದೆ: ಇನ್ನು ಮುಂದೆ ಈ ತಂತ್ರಾಂಶವನ್ನು ಯಾವ ಯಂತ್ರದಲ್ಲಿ ಕೂರಿಸಿದರೂ ಮೊದಲು ಒಂದು ಉದ್ದ ಹೆಸರನ್ನು ಬರೆದು ಪರೀಕ್ಷಿಸಬೇಕೆಂದಿದ್ದೇನೆ, ಅದಕ್ಕೆ ನಿಮ್ಮ ಹೆಸರು ಹಾಕಲೇ?

“ಹಾಕು. ಪೂರ್ತಿ ಹಾಕು, ಮೇಲಿನಮನೆ ಬಿಡಡ,” ಎಂದರು. “ಬಿಟ್ರೆ ಬಿದ್ದಿದ್ದು ಕೆಳಗಿನಮನೆ ಮಹಾಬಲ ಹೇಳಿ ತಿಳ್ಕತ್ತ. ಅಂವ ಬಿದ್ದಿದ್ನಿಲ್ಲೆ, ಪಾಪ.”

ಕ್ಷಮೆಯೆಂಬುದು ಒಂದು ಮಾತಿನಲ್ಲಿ ಸಿಗುತ್ತದೆಂದು ನಾನು ತಿಳಿದಿದ್ದೆ. ಅದು ಮಜ್ಜಿಗೆಯಲ್ಲಿಯೂ, ನೆರೆಮನೆಯವನ ಮೇಲಿನ ಹಾಸ್ಯದಲ್ಲಿಯೂ ಕರಗಿ ಬಂದರೆ ತಕ್ಷಣ ಗುರುತು ಹತ್ತುವುದಿಲ್ಲ. ಬಸ್ಸು ಸಿದ್ದಾಪುರ ದಾಟಿ ಶಿರಸಿಯ ದಾರಿ ಹಿಡಿದ ಮೇಲೆ ಹತ್ತಿತು. ಆದರೆ ಕ್ಷಮಿಸುವುದಷ್ಟೇ ಅವರ ಪಾಲಿನದು. ಸರಿಪಡಿಸುವುದು ನನ್ನ ಪಾಲಿನದು. ಅವರ ಪಾಲು ಮುಗಿಯಿತೆಂದು ನನ್ನದೂ ಮುಗಿಯುವುದಿಲ್ಲ.

ಹೊಸ ಆವೃತ್ತಿಗೆ ಹದಿನೈದು ದಿನ ಹಿಡಿಯಿತು. ಈ ಬಾರಿ ನಡುದಾರಿ ಬೇಡವೆಂದುಕೊಂಡೆ. ತೊಂಬತ್ತೊಂಬತ್ತರ ಮಾನಕಕ್ಕೆ ಪೂರ್ತಿಯಾಗಿ ಹೋದೆ. ಕಂಪೈಲರು ಕೆಲಸ ಶುರುಮಾಡುವ ಮೊದಲೇ ಯಂತ್ರವನ್ನು ಮೂರು ಪ್ರಶ್ನೆ ಕೇಳುವ ಒಂದು ಪರೀಕ್ಷೆಯಿಟ್ಟೆ. ಮೂರನೆಯದು ಹೆಗ್ಗರಣೆಯ ಪೂರ್ತಿ ಹೆಸರು. ಒಂದೇ ಒಂದು ಉತ್ತರ ತಪ್ಪಿದರೂ ಕಾರಣ ಹೇಳಿ ಅಲ್ಲಿಗೇ ನಿಲ್ಲಬೇಕು. ಫ್ಲಾಪಿಯನ್ನು ಯಲ್ಲಾಪುರದ ಬಸ್ಸಿಗೆ ಕೊಟ್ಟೆ.

ಮಧ್ಯಾಹ್ನ ಇಸ್ಮಾಯಿಲ್ ಫೋನು ಮಾಡಿದ. ದನಿಯಲ್ಲಿ ಬೇಸರವಿತ್ತು.

“ಮೇಡಂ, ಆಗೂದಿಲ್ಲ ಹೇಳ್ತದೆ. ‘ಈ ಯಂತ್ರದ ಉತ್ತರವನ್ನು ನಂಬುವ ಹಾಗಿಲ್ಲ, ಇಲ್ಲಿ ಅಚ್ಚು ಹಾಕುವುದಿಲ್ಲ’ ಅಂತ ಬರೆದದೆ. ಅಂಗಡೀಲಿರೂ ನಾಲ್ಕು ಮಷೀನಲ್ಲಿ ನೋಡಿದೆ, ರಿಪೇರಿಗೆ ಬಂದ ಸಿದ್ದಾಪುರದ್ದೂ ಸೇರಿ, ನಾಲ್ಕೂ ಫೇಲ್. ರಸ್ತೆ ಮೇಲೇ ಇಳಿಸಿದ್ರಿ ಅಂತಾಯ್ತು.”

“ಇಳಿಸಿದೆ ಇಸ್ಮಾಯಿಲ್,” ಎಂದೆ. ಸಿದ್ದಾಪುರದಲ್ಲಿ ಆದದ್ದನ್ನು ಮೊದಲಿನಿಂದ ಹೇಳಿದೆ. ಅದನ್ನು ಕೂರಿಸಿದ್ದು ಅವನ ಕೈಯಾದ್ದರಿಂದ, ತಪ್ಪು ಆ ಕೈಯದಲ್ಲವೆಂಬುದನ್ನೂ ಹೇಳಿದೆ.

ಎಲ್ಲ ಕೇಳಿ ಅವನು ಮೊದಲು ವಿಚಾರಿಸಿದ್ದು ಹೆಗಡೆಯವರನ್ನು.

“ಅಜ್ಜ ಈಗ ಹೇಗಿದ್ದಾರೆ?”

“ನಡೆದಾಡ್ತಿದ್ದಾರೆ.”

“ನಮ್ ಅಬ್ಬಾ ಅರಬೈಲ್ ಘಟ್ಟ ಇಳಿಯೂ ಮೊದ್ಲು ಮೇಲೇ ಗಾಡಿ ನಿಲ್ಸಿ ಬ್ರೇಕ್ ನೋಡ್ತಿದ್ರು,” ಎಂದ ಇಸ್ಮಾಯಿಲ್. “ಹಿಂದಿನ ಗಾಡಿಯವ್ರು ಹಾರನ್ ಹೊಡೀತಿದ್ರು, ಬೈತಿದ್ರು. ಅಬ್ಬಾ ನೋಡ್ದೇ ಇಳೀತಿರ್ಲಿಲ್ಲ. ಘಟ್ಟದ ನಡುವೆ ನೋಡೂ ವಸ್ತು ಅಲ್ಲ ಅದು, ಹೇಳ್ತಿದ್ರು.” ಬಳಿಕ, ವ್ಯಾಪಾರದ ದನಿಗೆ ಮರಳಿ, “ಮೂರು ಮಷೀನಿಗೆ ಹೊಸಾ ಕಂಪೈಲರ್ ಹಾಕ್ಬಹುದು. ಸಿದ್ದಾಪುರದ್ದಕ್ಕೆ ಡಿಸ್ಕಲ್ಲಿ ಜಾಗ ಇಲ್ಲ, ಬೇರೆ ಮಷೀನ್ ಸಿಗೂವರೆಗೆ ಶಾಂತಾರಾಮ ಕೈಯಲ್ಲಿ ಬರೀಲಿ. ಅವ್ನ ಅಕ್ಷರ ಚಂದ ಉಂಟು,” ಎಂದ.

ಫೋನಿಟ್ಟ ಮೇಲೆ ನನಗೆ ಹೊಳೆದದ್ದು ಇದು: ‘ಆಗುವುದಿಲ್ಲ’ ಎಂಬ ಮಾತನ್ನು ಯಾವ ಯಂತ್ರದಿಂದಲೂ ಕೇಳಬಾರದೆಂದು ನಾನು ವರ್ಷಗಟ್ಟಲೆ ದುಡಿದಿದ್ದೆ. ಆ ದಿನ ನಾಲ್ಕು ಯಂತ್ರಗಳಿಂದ ಕೇಳಿದಾಗ, ಎಷ್ಟೋ ದಿನಗಳ ನಂತರ ನನ್ನ ಉಸಿರು ಸರಾಗವಾಯಿತು.

ಪಾವೆಲನಿಗೆ ಎಲ್ಲವನ್ನೂ ಬರೆದು ಕಳಿಸಿದೆ. ‘ನಾನು ಮೊದಲೇ ಹೇಳಿದ್ದೆ’ ಎಂದು ಅವನು ಬರೆಯಬಹುದಿತ್ತು, ಬರೆಯಲಿಲ್ಲ. ಪರೀಕ್ಷೆಯಲ್ಲಿರುವುದು ಒಬ್ಬರ ಹೆಸರೋ, ಒಂದು ಕುಟುಂಬದ್ದೋ ಎಂದು ಮಾತ್ರ ಕೇಳಿದ. ಜೊತೆಗೆ ಒಂದು ಕೊರತೆ ತೋರಿಸಿದ: ಪ್ರತಿಯೊಂದು ಬದಲಾವಣೆಯ ಕೆಳಗೂ ಅದನ್ನು ಏಕೆ ಮಾಡಿದೆವೆಂದು ಒಂದು ಸಾಲು ಬರೆಯುವುದು ನಮ್ಮಿಬ್ಬರ ನಿಯಮ, ಹೊಸ ಮಾನಕಕ್ಕೆ ಹೋದ ಬದಲಾವಣೆಯ ಕೆಳಗೆ ನೀನು ಏನೂ ಬರೆದಿಲ್ಲ.

ನಿಜ, ಬಿಟ್ಟಿದ್ದೆ. ಬರೆಯಲು ಕುಳಿತಾಗ ಓರೆಗೆರೆಯ ಅನುಕೂಲ, ನಾಲ್ಕು ಸಾಲಿನ ಚೆಲುವು, ಮುಂದಿನ ಕಾಲದ ಅಗತ್ಯ ಎಂದು ಎಷ್ಟೋ ಕಾರಣಗಳು ಬಂದವು. ಎಲ್ಲವೂ ನಿಜವೇ. ಒಂದೊಂದನ್ನೇ ಬರೆದು ಅಳಿಸಿದೆ. ಕೊನೆಗೆ ಉಳಿಸಿಕೊಂಡದ್ದು ಇಷ್ಟು:

‘ಒಬ್ಬರು ಬಿದ್ದರು. ಎದ್ದಿದ್ದಾರೆ.’